ಮೂಗುತಿ, ಸೊಳ್ಳೆಬತ್ತಿ, ಸಿಪ್ಯಾಪ್

ನಿದ್ದೆಯಲ್ಲಿ ಉಸಿರು ಕಟ್ಟದ ಹಾಗೆ ಮೂಗಿಗೆ ಗಾಳಿ ಊದುವ ಸಿಪ್ಯಾಪ್ ಮೆಷಿನ್ನಿನ ಮಾಸ್ಕ್ ತಯಾರಿಸುವವರು ಮೂಗುತಿ ಹಾಕಿದ ಹೆಂಗಸರ ಮುಖ ನೋಡಿದ್ದಾರೋ ಇಲ್ಲವೋ ಅಂತ ನನಗೆ ಇವತ್ತಿಗೂ ಅನುಮಾನ. ಮಾಸ್ಕಿನ ಜೊತೆ ಬಂದ ಪುಟ್ಟ ಪುಸ್ತಕದಲ್ಲಿ ಗಡ್ಡ ಮೀಸೆ ಇದ್ದವರಿಗೆ ಗಾಳಿ ಸೋರಬಹುದು ಅಂತ ಬರೆದಿತ್ತು. ಮೂಗುತಿಯ ಸುದ್ದಿಯೇ ಇಲ್ಲ. ನನ್ನದು ಮದುವೆಯಲ್ಲಿ ಹಾಕಿದ ಏಳು ಹರಳಿನದು. ಮಾಸ್ಕಿನ ಸಿಲಿಕೋನ್ ಅಂಚು ಸರಿಯಾಗಿ ಅದರ ಮೇಲೇ ಬಂದು ಕೂರುತ್ತಿತ್ತು. ಅಲ್ಲಿ ಕೂದಲೆಳೆಯಷ್ಟು ಸಂದು ಸಿಕ್ಕಿದರೂ ಸಾಕು, ಗಾಳಿ ಸುಂಯ್ ಅಂತ ಹೊರಟು ಸೀದಾ ಕಣ್ಣಿಗೆ ಬಡಿಯುತ್ತದೆ. ಬೆಳಿಗ್ಗೆ ಎದ್ದರೆ ಒಂದು ಕಣ್ಣು ಕೆಂಪು, ಇನ್ನೊಂದು ಸರಿ.

ಈ ಮೆಷಿನ್ನು ಮನೆಗೆ ಯಾಕೆ ಬಂತು ಅನ್ನುವುದನ್ನು ಮೊದಲು ಹೇಳಿ ಮುಗಿಸುತ್ತೇನೆ. ನಾನು ಸಾಗರದ ಹತ್ತಿರದ ಒಂದು ಹೈಸ್ಕೂಲಿನಲ್ಲಿ ಕನ್ನಡ ಟೀಚರ್. ಐವತ್ತು ದಾಟಿದ ಮೇಲೆ ವಿಪರೀತ ಸುಸ್ತು ಶುರುವಾಯಿತು. ಥೈರಾಯ್ಡ್ ಮಾತ್ರೆ ಮೊದಲಿನಿಂದ ಇತ್ತು, ಮುಟ್ಟೂ ನಿಂತಿತ್ತು. ಹಾಗಾಗಿ ಎಲ್ಲರೂ ಸುಸ್ತನ್ನು ಅವೆರಡರ ತಲೆಗೇ ಕಟ್ಟಿದರು. ಉತ್ತರಪತ್ರಿಕೆ ತಿದ್ದುತ್ತಾ ಕೂತಲ್ಲೇ ತೂಕಡಿಕೆ. ಕೆಂಪು ಪೆನ್ನಿನ ಗೆರೆ ಯಾರದ್ದೋ ಸಂಧಿ-ಸಮಾಸದ ಮೇಲೆ ಅಡ್ಡಡ್ಡ ಹರಿದುಹೋಗಿರುತ್ತಿತ್ತು. ಗೊರಕೆ ಇತ್ತು. ಆದರೆ ಹೆಂಗಸಿನ ಗೊರಕೆಯನ್ನು ನಮ್ಮ ಕಡೆ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಮನೆಯ ಮರ್ಯಾದೆಯ ಪ್ರಶ್ನೆ. ಕೊನೆಗೆ ನಮ್ಮನೆಯವರೇ ಶಿವಮೊಗ್ಗದಲ್ಲಿ ಡಾಕ್ಟರ ಮುಂದೆ ಹೇಳಿದರು: "ಗೊರಕೆಗೆ ನಾನು ಹೆದರುದಿಲ್ಲ ಡಾಕ್ಟ್ರೇ. ಗೊರಕೆ ನಿಂತಾಗ ಹೆದರಿಕೆ ಆಗ್ತದೆ."

ಬೆರಳಿಗೆ ಕ್ಲಿಪ್, ಮೂಗಿಗೆ ಸಣ್ಣ ನಳಿಕೆ, ಎದೆಗೆ ಪಟ್ಟಿ ಕಟ್ಟಿಕೊಂಡು ಮನೆಯಲ್ಲೇ ಮಲಗಿ ಮಾಡಿಸುವ ಪರೀಕ್ಷೆ ಮಾಡಿಸಿದರು. ವರದಿಯಲ್ಲಿ ಗಂಟೆಗೆ 38 ಅಂತ ಬಂತು. ಅಂದರೆ ನಿದ್ದೆಯಲ್ಲಿ ಗಂಟೆಗೆ ಅಷ್ಟು ಸಲ, ಪ್ರತಿ ಸಲವೂ ಕನಿಷ್ಠ 10 ಸೆಕೆಂಡ್, ಉಸಿರು ನಿಂತಿದೆ ಇಲ್ಲವೇ ತೀರಾ ಕಡಿಮೆಯಾಗಿದೆ. 5ರ ಒಳಗಿದ್ದರೆ ಚಿಂತೆಯಿಲ್ಲ, 15 ದಾಟಿದರೆ ಮಧ್ಯಮ, 30 ದಾಟಿದರೆ ತೀವ್ರ. ರಕ್ತದ ಆಮ್ಲಜನಕ ಒಂದು ಹೊತ್ತಿನಲ್ಲಿ ಶೇ. 76ಕ್ಕೆ ಇಳಿದಿತ್ತು. ನಿದ್ದೆಯಲ್ಲಿ ಗಂಟಲಿನ ಮಾಂಸಖಂಡ ಸಡಿಲವಾಗಿ ದಾರಿ ಮುಚ್ಚಿಕೊಳ್ಳುತ್ತದೆ. ಸಿಪ್ಯಾಪ್ ಮಾಡುವುದು ಇಷ್ಟೇ, ಕೋಣೆಯ ಗಾಳಿಯನ್ನೇ ಎಳೆದು ಸ್ವಲ್ಪ ಒತ್ತಡದಲ್ಲಿ ಮೂಗಿಗೆ ಬಿಟ್ಟು ಆ ದಾರಿ ಮುಚ್ಚದ ಹಾಗೆ ನೋಡಿಕೊಳ್ಳುವುದು. ಆಕ್ಸಿಜನ್ ಸಿಲಿಂಡರ್ ಅಲ್ಲ. ಇದನ್ನು ನಾನು ಊರಿನ ಅರ್ಧ ಜನಕ್ಕೆ ವಿವರಿಸಿದ್ದೇನೆ, ಉಳಿದರ್ಧ ಇನ್ನೂ ನಂಬಿಲ್ಲ. ಒತ್ತಡವೂ ಭಯಪಡುವಂಥದ್ದಲ್ಲ. ನನ್ನದು ಹತ್ತರ ಆಸುಪಾಸು, ಅಂದರೆ ಹತ್ತು ಸೆಂಟಿಮೀಟರ್ ಎತ್ತರದ ನೀರಿನ ತಳದಲ್ಲಿರುವಷ್ಟು. ವಾತಾವರಣದ ಒತ್ತಡದ ಶೇ. 1 ಮಾತ್ರ. ಮೊದಲ ರಾತ್ರಿ ಅದೇ ಶೇ. 1 ಬಿರುಗಾಳಿಯಾಗಿತ್ತು ಅನ್ನುವುದು ಬೇರೆ ಮಾತು.

ಮೆಷಿನ್ನಿಗೆ ಐವತ್ತು ಸಾವಿರದ ಹತ್ತಿರ ಬಿತ್ತು. ಮನೆಯಲ್ಲಿ ಬಳಸುವ ಉಪಕರಣಕ್ಕೆ ನಮ್ಮ ಆರೋಗ್ಯ ವಿಮೆಯಲ್ಲಿ ದುಡ್ಡಿಲ್ಲ ಅಂತ ಪಾಲಿಸಿಯ ಒಳಪುಟದಲ್ಲಿ ಬರೆದಿತ್ತು. ಕಂಪನಿಯ ಹುಡುಗ ಶಿವಮೊಗ್ಗದಿಂದ ಬಂದ, ಹೇಗೆ ಆನ್ ಮಾಡುವುದು ಹೇಗೆ ಆಫ್ ಮಾಡುವುದು ತೋರಿಸಿದ, ಕಾಫಿ ಕುಡಿದ, ಬಸ್ಸಿಗೆ ಹೊತ್ತಾಯಿತು ಅಂತ ಹೊರಟ. ಅವನು ಹೇಳಿದ್ದೆಲ್ಲ ಮೆಷಿನ್ನಿನ ಬಗ್ಗೆ. ಮೆಷಿನ್ನು ಇವತ್ತಿನವರೆಗೂ ಕೆಟ್ಟಿಲ್ಲ. ಕೆಡುತ್ತಾ ಬಂದದ್ದೆಲ್ಲ ಅದರ ಸುತ್ತಲಿನದು: ಮಾಸ್ಕು, ನೀರು, ಕರೆಂಟು, ಹೊಗೆ, ನೆಂಟರು.

ಮೂಗುತಿಗೆ ವಾಪಸ್ ಬರುತ್ತೇನೆ. ತೆಗೆದಿಟ್ಟು ಮಲಗಿದರೆ ಆಯಿತಲ್ಲ ಅಂತ ಹೇಳುವುದು ಸುಲಭ. ಅತ್ತೆಗೆ ಎಂಬತ್ತಾರು. "ಎಂತ ಮಾರಾಯ್ತಿ, ರಾತ್ರಿ ಹೊತ್ತು ಮೂಗು ಬರಿದು ಮಾಡ್ಕಂಡು ಮಲಗುದಾ?" ಅಂದರು. ಅವರ ಮಾತು ಬಿಡಿ ಅಂದರೂ, ದಿನಾ ತಿರುಪು ಬಿಚ್ಚಿ ಹಾಕುವುದರಲ್ಲಿ ಮೂಗೇ ಹುಣ್ಣಾಯಿತು. ಹುಡುಗನಿಗೆ ಫೋನ್ ಮಾಡಿದರೆ ಬೇರೆ ನಮೂನೆ ಕಳಿಸಿದ, ಹೊಳ್ಳೆಗಳಿಗೆ ನೇರ ಕೂರುವ ಎರಡು ಸಿಲಿಕೋನ್ ಬಿರಡೆಗಳದ್ದು. ಅದು ಹೊರಗಿನ ಹರಳನ್ನು ಮುಟ್ಟುವುದಿಲ್ಲ, ಸರಿ. ಆದರೆ ಒಳಗಿನ ತಿರುಪನ್ನು ರಾತ್ರಿಯಿಡೀ ಒತ್ತುತ್ತದೆ. ಮೂಗು ಬಾಯಿ ಎರಡನ್ನೂ ಮುಚ್ಚುವ ದೊಡ್ಡ ಮಾಸ್ಕಿನಲ್ಲಿ ಮೂಗುತಿಗೇನೋ ಜಾಗವಿತ್ತು. ಮಗ್ಗುಲಾದ ಕೂಡಲೇ ಕೆನ್ನೆಯ ಹತ್ತಿರ ಸೋರಿಕೆ, ಬಾಯಿ ಮುಚ್ಚಿದ ಉಬ್ಬಸ ಬೇರೆ.

ಕಡೆಗೆ ದಾರಿ ಕಂಡದ್ದು ಪೇಟೆಯಲ್ಲಿ ಚಿನ್ನದ ಕೆಲಸ ಮಾಡುವ ಶೇಟ್ರ ಹತ್ತಿರ. ಚಪ್ಪಟೆ ಮೂಗುಬೊಟ್ಟು ಬೇಕು ಅಂದೆ, ಯಾಕೆ ಅಂತ ಕೇಳಿದರು, ಹೇಳಿದೆ. "ಆ ವಸ್ತು ತನ್ನಿ, ನೋಡದೆ ಹ್ಯಾಂಗೆ ಮಾಡುದು?" ಅಂದರು. ಮರುದಿನ ಮಾಸ್ಕನ್ನು ಚೀಲದಲ್ಲಿ ತೆಗೆದುಕೊಂಡು ಹೋದೆ. ಶೇಟ್ರು ಅದನ್ನು ಮೇಜಿನ ದೀಪದ ಕೆಳಗೆ ಹಿಡಿದು, ಒಂಟಿ ಕಣ್ಣಿಗೆ ಭೂತಗನ್ನಡಿ ಏರಿಸಿ, ಅಂಚನ್ನು ಬೆರಳಲ್ಲಿ ಒತ್ತಿ ಬಿಟ್ಟು ಒತ್ತಿ ಬಿಟ್ಟು ನೋಡಿದರು. ಅದರ ಅಂಚು ಎರಡು ಪದರ. ಒಳಗಿನದು ಗಟ್ಟಿ, ಹೊರಗಿನದು ಈರುಳ್ಳಿ ಸಿಪ್ಪೆಯಷ್ಟು ತೆಳು. "ಹೊರಗಿಂದು ಗಾಳಿಗೆ ಉಬ್ಬಿ ಚರ್ಮಕ್ಕೆ ಕೂರ್ತದೆ ಅಮ್ಮ. ಅಡಿಯಲ್ಲಿ ಎತ್ತರದ್ದು ಇರಬಾರ್ದು, ಅಗಲ ಇದ್ರೆ ತೊಂದ್ರೆ ಇಲ್ಲ" ಅಂದರು. ಯಾವ ಟೆಕ್ನಿಷಿಯನ್ನೂ ನನಗೆ ಇಷ್ಟು ಬಿಡಿಸಿ ಹೇಳಿರಲಿಲ್ಲ. ಒಂದೇ ಹರಳಿನದು, ಚರ್ಮಕ್ಕೆ ಅಂಟಿದ ಹಾಗೆ ಕೂರುವಂಥದ್ದು ಮಾಡಿಕೊಟ್ಟರು. ಮೊದಲಿನದೇ ನಮೂನೆಯ ಮಾಸ್ಕನ್ನು ಒಂದು ಸೈಜು ದೊಡ್ಡದು ತರಿಸಿದೆ. ಸೋರಿಕೆ ನಿಂತಿತು. ಏಳು ಹರಳಿನದು ಈಗ ಮದುವೆ ಮುಂಜಿಗೆ ಮಾತ್ರ.

ಸೋರಿದರೆ ಬೆಲ್ಟ್ ಬಿಗಿ ಮಾಡುವುದು ಎಲ್ಲರಿಗೂ ಮೊದಲು ಹೊಳೆಯುವ ಉಪಾಯ. ಅದರಿಂದ ಸೋರಿಕೆ ಹೆಚ್ಚೇ ಆಗುತ್ತದೆ, ಯಾಕೆಂದರೆ ಶೇಟ್ರು ಹೇಳಿದ ಆ ತೆಳು ಪದರ ಉಬ್ಬಲಿಕ್ಕೆ ಜಾಗವೇ ಇರುವುದಿಲ್ಲ. ಕೂತು ಅಳತೆ ಮಾಡಿ ಕಟ್ಟುವುದೂ ದಂಡ. ಮಲಗಿದಾಗ ಮುಖದ ಮಾಂಸ ಬೇರೆ ಕಡೆ ಜಾರುತ್ತದೆ. ಮಲಗಿ, ಮೆಷಿನ್ ಆನ್ ಮಾಡಿ, ಮಾಸ್ಕನ್ನು ಒಮ್ಮೆ ಮುಖದಿಂದ ಎತ್ತಿ ಮತ್ತೆ ಕೂರಿಸಿ, ಆಮೇಲೆ ಬೆಲ್ಟ್ ಹೊಂದಿಸಬೇಕು. ಇನ್ನೊಂದು ಶತ್ರು ಕೊಬ್ಬರಿ ಎಣ್ಣೆ. ತಲೆಗೆ ಎಣ್ಣೆ ಹಾಕಿದ ರಾತ್ರಿ ಹಿಂದಿನ ಪಟ್ಟಿ ತುರುಬಿನ ಕೆಳಗಿಂದ ಜಾರಿ ಮೇಲೆ ಬರುತ್ತದೆ, ಮುಖಕ್ಕೆ ಹಚ್ಚಿದ್ದು ಸಿಲಿಕೋನನ್ನೇ ಮೆತ್ತಗೆ ಮಾಡುತ್ತದೆ. ಈಗ ಎಣ್ಣೆ ಶನಿವಾರ ರಾತ್ರಿಯ ಬದಲು ಭಾನುವಾರ ಬೆಳಿಗ್ಗೆ. ಮಾಸ್ಕಿಗೆ ದಿನಾ ಬೆಳಿಗ್ಗೆ ಮೆದು ಸೋಪಿನ ಸ್ನಾನ.

ಮಾಸ್ಕಿನ ಬಗ್ಗೆ ನನ್ನ ಗೊಣಗಾಟ ಕೇಳಿ ಕೇಳಿ ಬೆಂಗಳೂರಿನ ಮಗ ಇದರ ಚರಿತ್ರೆ ಹುಡುಕಿ ಹೇಳಿದ. ಆಸ್ಟ್ರೇಲಿಯಾದ ಸಿಡ್ನಿಯ ಡಾ. ಕಾಲಿನ್ ಸಲ್ಲಿವನ್ 1981ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಈ ಚಿಕಿತ್ಸೆಯ ಬಗ್ಗೆ ಮೊದಲು ಬರೆದರು, ಐದೇ ರೋಗಿಗಳ ಮೇಲೆ ಮಾಡಿ ನೋಡಿದ್ದು. ಅದಕ್ಕೂ ಮೊದಲು ತೀವ್ರವಾಗಿದ್ದವರಿಗೆ ಇದ್ದ ಖಾತ್ರಿ ದಾರಿ ಕತ್ತಿನಲ್ಲಿ ತೂತು ಮಾಡುವುದು. ಆರಂಭದ ಮೆಷಿನ್ನುಗಳಿಗೆ ವ್ಯಾಕ್ಯೂಮ್ ಕ್ಲೀನರಿನ ಮೋಟರು. ಮಾಸ್ಕನ್ನು ಪ್ರತಿ ರಾತ್ರಿ ಮೂಗಿಗೆ ಅಂಟು ಹಾಕಿ ಅಂಟಿಸುತ್ತಿದ್ದರಂತೆ. "ನೀನು ಬೆಲ್ಟಿಗೆ ಬೈತಿದೀಯ ಅಮ್ಮ" ಅಂದ. ಆಮೇಲೆ ಸ್ವಲ್ಪ ಕಡಿಮೆ ಬೈದೆ.

ಮಾಸ್ಕಿನದೇ ಇನ್ನೊಂದು ಮಾತು ಇಲ್ಲೇ ಹೇಳಬೇಕು. ಕೆಲವು ಮಾಸ್ಕುಗಳ ಕ್ಲಿಪ್ಪಿನಲ್ಲಿ ಅಯಸ್ಕಾಂತ ಇರುತ್ತದೆ. ಹಾಕಲಿಕ್ಕೆ ತೆಗೆಯಲಿಕ್ಕೆ ಬಹಳ ಸಲೀಸು. ಆದರೆ ಪೇಸ್‌ಮೇಕರ್ ಇದ್ದವರ ಎದೆಯಿಂದ ಕನಿಷ್ಠ 15 ಸೆಂಟಿಮೀಟರ್ ದೂರ ಇಡಬೇಕು. ಹಾಕಿಕೊಳ್ಳುವವರಿಗೆ ಮಾತ್ರವಲ್ಲ, ಪಕ್ಕದಲ್ಲಿ ಮಲಗುವವರಿಗೂ ಇದು ಅನ್ವಯಿಸುತ್ತದೆ. ನಮ್ಮನೆಯವರಿಗೆ ಪೇಸ್‌ಮೇಕರ್ ಇದೆ. ಹಾಗಾಗಿ ನಮ್ಮದು ಪ್ಲಾಸ್ಟಿಕ್ ಕೊಂಡಿಯದು.

ಇನ್ನು ಸೊಳ್ಳೆಬತ್ತಿ. ನಮ್ಮದು ತೋಟದ ಮನೆ, ಮಳೆ ಶುರುವಾದರೆ ಸೊಳ್ಳೆಗೆ ಲೆಕ್ಕವಿಲ್ಲ. ಒಂದು ರಾತ್ರಿ ಕನಸಿನಲ್ಲೆಲ್ಲ ಹೊಗೆ. ಎದ್ದರೆ ಮಾಸ್ಕಿನೊಳಗೇ ಹೊಗೆಯ ವಾಸನೆ, ಗಂಟಲು ಕೆರೆತ, ಕೆಮ್ಮು. ಮೆಷಿನ್ನೇ ಸುಟ್ಟಿತು ಅಂತ ಪ್ಲಗ್ ಕಿತ್ತು ಕೂಗಿದೆ. ನಮ್ಮನೆಯವರು ದೀಪ ಹಾಕಿದರು. ಮಂಚದ ಕೆಳಗೆ, ಮೆಷಿನ್ನಿನ ಬೆನ್ನಿಗೆ ಸರಿಯಾಗಿ, ಸೊಳ್ಳೆಬತ್ತಿ ಸಣ್ಣಗೆ ಉರಿಯುತ್ತಿತ್ತು. ಗಾಳಿ ಎಳೆಯುವ ಕಿಂಡಿ ಇರುವುದೇ ಬೆನ್ನಲ್ಲಿ. ಕೋಣೆಗೆಲ್ಲ ಹರಡಬೇಕಾದ ಹೊಗೆಯನ್ನು ಅದು ಒಟ್ಟು ಮಾಡಿ ನನ್ನೊಬ್ಬಳ ಮೂಗಿಗೆ ತಲುಪಿಸಿತ್ತು. ಒಳಗಿನ ಫಿಲ್ಟರ್ ಧೂಳು ತಡೆಯುತ್ತದೆ, ವಾಸನೆ ತಡೆಯುವುದಿಲ್ಲ. ಮರುದಿನವೇ ಸೊಳ್ಳೆಪರದೆ ಬಂತು. ಅಡಿಕೆ ಬೇಯಿಸುವ ಕಾಲದಲ್ಲಿ ಬಿಳಿ ಫಿಲ್ಟರ್ ಕೆಲವೇ ದಿನಕ್ಕೆ ಬೂದಿ ಬಣ್ಣಕ್ಕೆ ತಿರುಗುತ್ತದೆ. ಅಂಥ ಕಾಲಕ್ಕೆ ನಾಲ್ಕಾರು ಫಿಲ್ಟರ್ ಮೊದಲೇ ತರಿಸಿಟ್ಟುಕೊಳ್ಳುವುದು ಒಳ್ಳೆಯದು.

ಮಲೆನಾಡಿನಲ್ಲಿ ಸಿಪ್ಯಾಪ್ ಇಟ್ಟುಕೊಂಡವರ ನಿಜವಾದ ಪರೀಕ್ಷೆ ಜೂನ್–ಜುಲೈನಲ್ಲಿ. ಮರ ಬಿತ್ತು, ತಂತಿ ಹರಿಯಿತು, ಕರೆಂಟು ಹೋಯಿತು, ಬಂದರೆ ಬಂತು. ನಮ್ಮಲ್ಲಿ 150 ಎಎಚ್ ಬ್ಯಾಟರಿಯ ಇನ್ವರ್ಟರ್ ಇದ್ದರೂ ಕರೆಂಟು ಹೋದ ಕ್ಷಣ ಮೆಷಿನ್ನು ನಿಂತುಬಿಡುತ್ತಿತ್ತು. ಗಾಳಿ ನಿಂತ ಮಾಸ್ಕಿನೊಳಗೆ ಉಸಿರು ಬಿಗಿಯಾಗಿ ಎಚ್ಚರವಾಗುತ್ತದೆ. ಮೂಗಿನ ಮಾಸ್ಕಾದ್ದರಿಂದ ಬಾಯಿ ತೆರೆದರೆ ಆಯಿತು, ಅಪಾಯವೇನಿಲ್ಲ. ದೊಡ್ಡ ಮಾಸ್ಕುಗಳಲ್ಲೂ ಗಾಳಿ ನಿಂತಾಗ ತಾನೇ ತೆರೆಯುವ ಕವಾಟ ಇರುತ್ತದೆ. ಆದರೆ ಎಚ್ಚರವಾದ ಮೇಲೆ ನಿದ್ದೆ ಎಲ್ಲಿಂದ? ಊರಿನ ಎಲೆಕ್ಟ್ರಿಷಿಯನ್ ಬಂದು ಇನ್ವರ್ಟರಿನ ಹಿಂದಿದ್ದ ಒಂದು ಸಣ್ಣ ಗುಂಡಿಯನ್ನು 'ಇಕೋ'ದಿಂದ 'ಯುಪಿಎಸ್'ಗೆ ಸರಿಸಿದ. ಅಷ್ಟೇ. ಬ್ಯಾಟರಿಗೆ ಬದಲಾಗುವ ಹೊತ್ತು ಕಡಿಮೆಯಾಯಿತು, ಮೆಷಿನ್ನು ನಿಲ್ಲುವುದೂ ತಪ್ಪಿತು. ಅವನೇ ಲೆಕ್ಕವನ್ನೂ ಹೇಳಿದ. ಗಾಳಿಗೆ ತೇವ ಕೊಡಲಿಕ್ಕೆ ನೀರು ಕಾಯಿಸುವ ಭಾಗ ಬಂದ್ ಮಾಡಿದರೆ ಮೆಷಿನ್ನು ತಿನ್ನುವುದು ಒಂದು ಸಣ್ಣ ಬಲ್ಬಿನಷ್ಟು, ಸುಮಾರು 30 ವ್ಯಾಟ್. ಎಂಟು ಗಂಟೆಗೆ ಕಾಲು ಯೂನಿಟ್ಟೂ ಇಲ್ಲ. ಹೀಟರ್ ಇದ್ದರೆ ಅದರ ಎರಡು ಮೂರು ಪಟ್ಟು. ಆಷಾಢದಲ್ಲಿ ನಮ್ಮ ಗಾಳಿಯೇ ಹಿಂಡಿದರೆ ನೀರು ಸುರಿಯುವಂಥದ್ದು, ಹೀಟರ್ ಯಾಕೆ ಬೇಕು? ಬಂದ್ ಮಾಡಿಟ್ಟೆವು. ಕರೆಂಟು ಹೋದ ರಾತ್ರಿ ಫ್ಯಾನಿಗೆ ರಜೆ, ಮೆಷಿನ್ನಿಗೆ ಕೆಲಸ.

ನೀರಿನ ಡಬ್ಬಿಗೆ ಡಿಸ್ಟಿಲ್ಡ್ ವಾಟರ್ ಹಾಕಿ ಅಂದಿದ್ದರು. ಪೇಟೆಯಲ್ಲಿ ಅದು ಸಿಗುವುದು ಬ್ಯಾಟರಿ ಅಂಗಡಿಯಲ್ಲಿ.

"ಯಾವ ಬ್ಯಾಟರಿಗೆ ಮೇಡಂ?"

"ಬ್ಯಾಟರಿಗಲ್ಲ, ಮೂಗಿಗೆ."

ಅವನು ಕ್ಯಾನನ್ನು ಕೈಯಲ್ಲೇ ಹಿಡಿದು ನನ್ನನ್ನು ಒಂದು ಗಳಿಗೆ ನೋಡಿದ. ಆಮೇಲೆ, "ಬೇಡ ಮೇಡಂ, ಇದು ಕುಡಿಯೋದಲ್ಲ. ಆಸಿಡ್ ಹಾಕುವ ಆಳಿಕೆಯಲ್ಲೇ ಇದನ್ನೂ ತುಂಬಿಸ್ತಾರೆ ಕೆಲವು ಕಡೆ" ಅಂದ. ಮಾರಾಟ ಬಿಟ್ಟು ಸತ್ಯ ಹೇಳಿದ, ಪುಣ್ಯಾತ್ಮ. ಈಗ ಮೆಡಿಕಲ್ ಶಾಪಿನವರು ಶಿವಮೊಗ್ಗದಿಂದ ಬಾಟಲಿ ತರಿಸಿಕೊಡುತ್ತಾರೆ. ಮುಗಿದ ದಿನ ಬಾವಿ ನೀರು ಕುದಿಸಿ ಆರಿಸಿ ಹಾಕಿದರೆ ನಡೆಯುತ್ತದೆ ಅಂತ ಡಾಕ್ಟರು ಹೇಳಿದ್ದಾರೆ. ಬೋರ್ ನೀರಾದರೆ ತಳದಲ್ಲಿ ಬಿಳಿ ಕರೆ ಕಟ್ಟುತ್ತದೆ. ಒಂದು ಪಾಲು ವಿನೆಗರಿಗೆ ಹತ್ತು ಪಾಲು ನೀರು ಬೆರೆಸಿ ಹತ್ತು ನಿಮಿಷ ನೆನೆಹಾಕಿ ತೊಳೆದರೆ ಹೋಗುತ್ತದೆ. ಉಳಿದ ನೀರನ್ನು ಬೆಳಿಗ್ಗೆ ಚೆಲ್ಲಲೇಬೇಕು.

ಪುಷ್ಯ ಮಾಸದ ಚಳಿಗೆ ಹೀಟರ್ ಮತ್ತೆ ಬೇಕಾಯಿತು, ಇಲ್ಲದಿದ್ದರೆ ಮೂಗೆಲ್ಲ ಒಣಗಿ ಉರಿ. ಆಗ ಬೇರೆ ತಾಪತ್ರಯ. ಬೆಚ್ಚಗಿನ ಹಸಿ ಗಾಳಿ ತಣ್ಣಗಿನ ಟ್ಯೂಬಿನಲ್ಲಿ ಬರುವಾಗ ನೀರಾಗಿ ನಿಲ್ಲುತ್ತದೆ. ಬೆಳಗಿನ ಜಾವ ಟ್ಯೂಬು ಗುಳುಗುಳು ಅನ್ನಲು ಶುರು ಮಾಡಿ, ಮಗ್ಗುಲಾದಾಗ ಒಂದು ಚಮಚ ತಣ್ಣೀರು ಸೀದಾ ಮೂಗಿಗೆ. ಅದಕ್ಕಿಂತ ಚೆನ್ನಾಗಿ ಯಾವ ಅಲಾರಂ ಕೂಡ ಎಬ್ಬಿಸಲಾರದು. ಅತ್ತೆ ಹಳೆಯ ಸ್ವೆಟರಿನ ಎರಡು ತೋಳು ಕತ್ತರಿಸಿ ಒಂದಕ್ಕೊಂದು ಹೊಲಿದು ಟ್ಯೂಬಿಗೆ ತೊಡಿಸಿದರು; ಮೂಗುತಿಯ ಮುನಿಸು ಅಲ್ಲಿಗೆ ಮುಗಿಯಿತು ಅಂತ ಕಾಣುತ್ತದೆ. ಮೆಷಿನ್ನನ್ನು ಮೇಜಿನಿಂದ ಇಳಿಸಿ ಮಂಚಕ್ಕಿಂತ ತಗ್ಗಿನ ಸ್ಟೂಲಿನ ಮೇಲೆ ಇಟ್ಟೆವು, ನಿಂತ ನೀರು ಹಿಂದಕ್ಕೆ ಡಬ್ಬಿಗೇ ಇಳಿಯಲಿ ಅಂತ. ಬಿಸಿಯಾಗುವ ಟ್ಯೂಬೂ ಸಿಗುತ್ತದೆ, ಸ್ವೆಟರಿನಲ್ಲಿ ಕೆಲಸ ನಡೆದದ್ದರಿಂದ ತರಿಸಿಲ್ಲ.

ಶಾಲೆಯಲ್ಲಿ ಮರ್ಯಾದೆ ಹೋದದ್ದು ತೇಗಿನಿಂದ. ನಿದ್ದೆಯಲ್ಲಿ ಗಾಳಿ ಗಂಟಲಿನಿಂದ ಹೊಟ್ಟೆಗೂ ಇಳಿಯುತ್ತದೆ ಅಂತ ನನಗಾದರೂ ಏನು ಗೊತ್ತು? ಬೆಳಗಿನ ಪ್ರಾರ್ಥನೆಯ ಮೌನದಲ್ಲಿ ಮೈದಾನಕ್ಕೆಲ್ಲ ಕೇಳುವಂಥ ತೇಗು ಬಂತು. ಎಂಟನೇ ಕ್ಲಾಸಿನ ಸಾಲು ಅಲುಗಾಡಿತು. ಕೆನ್ನೆಯ ಮೇಲೆ ಬೆಲ್ಟಿನ ಗೆರೆ ಬೇರೆ, "ಟೀಚರ್, ಯಾರು ಹೊಡೆದದ್ದು?" ಅಂತ ಒಬ್ಬ ಪಾಪದ ಹುಡುಗ ನಿಜವಾದ ಕಾಳಜಿಯಿಂದಲೇ ಕೇಳಿದ. ಡಾಕ್ಟರು ಮೆಷಿನ್ನಿನ ಲೆಕ್ಕ ನೋಡಿ ಗರಿಷ್ಠ ಒತ್ತಡ ಇಳಿಸಿದರು, ಉಸಿರು ಬಿಡುವಾಗ ಒತ್ತಡ ತಗ್ಗುವ ವ್ಯವಸ್ಥೆಯನ್ನು ಹೆಚ್ಚಿಸಿದರು, ಅಂಗಾತ ಮಲಗಬೇಡಿ ಅಂದರು. ತೇಗು ಹೋಯಿತು. ಗೆರೆ ಎರಡನೇ ಪೀರಿಯಡ್ಡಿನ ಹೊತ್ತಿಗೆ ತಾನೇ ಮಾಯವಾಗುತ್ತದೆ.

ಆ ಲೆಕ್ಕದ ಬಗ್ಗೆ ಒಂದು ಮಾತು. ಮೆಷಿನ್ನು ದಿನಾ ಬೆಳಿಗ್ಗೆ ಎಷ್ಟು ಗಂಟೆ ಬಳಸಿದಿರಿ, ಎಷ್ಟು ಸೋರಿತು, ಗಂಟೆಗೆ ಎಷ್ಟು ಸಲ ಉಸಿರು ನಿಂತಿತು ಅಂತ ತೋರಿಸುತ್ತದೆ. 38 ಇದ್ದದ್ದು ಈಗ 2, 3ರ ಹತ್ತಿರ. ಆದರೆ ನನ್ನ ಪ್ರಕಾರ ಹೊಸಬರು ಮೊದಲು ನೋಡಬೇಕಾದದ್ದು ಸೋರಿಕೆಯನ್ನು. ಅದು ಹೆಚ್ಚಿದ್ದರೆ ಉಳಿದ ಅಂಕಿಯನ್ನೂ ನಂಬುವ ಹಾಗಿಲ್ಲ. ಶೀತವಾದ ವಾರ ಅಂಕಿ ಕೆಡುತ್ತದೆ, ಮೂಗು ಕಟ್ಟಿ ಬಾಯಿ ತೆರೆದು ಗಾಳಿಯೆಲ್ಲ ಅಲ್ಲಿಂದ ಹೋಗುತ್ತದೆ, ಬೆಳಿಗ್ಗೆ ನಾಲಿಗೆ ಒಣಗಿರುತ್ತದೆ. ಮಲಗುವ ಮುಂಚೆ ಉಪ್ಪುನೀರಿನ ಡ್ರಾಪ್ಸ್ ಹಾಕಿಕೊಂಡರೆ ಸುಧಾರಿಸುತ್ತದೆ.

ಪ್ರಯಾಣದ್ದು ಬೇರೆಯೇ ರಗಳೆ. ಮಗನ ಮನೆಗೆ ತಾಳಗುಪ್ಪದಿಂದ ಬರುವ ರಾತ್ರಿ ರೈಲಿನಲ್ಲಿ ಹೋಗುವುದು. ಬರ್ತಿನ ಹತ್ತಿರದ ಪ್ಲಗ್ಗಿಗೆ ಹಾಕಿದರೆ ಮೆಷಿನ್ನು ಸರಿಯಾಗಿಯೇ ನಡೆಯಿತು. ಅಡಾಪ್ಟರಿನ ಮೇಲೆ 100ರಿಂದ 240 ವೋಲ್ಟ್ ಅಂತ ಇರುವುದರಿಂದ ರೈಲಿನ 110 ವೋಲ್ಟ್ ಅದಕ್ಕೆ ಸಾಕು. ಎದುರಿನ ಬರ್ತಿನ ಹಿರಿಯರೊಬ್ಬರು ನಮ್ಮನೆಯವರನ್ನು ಕರೆದು, "ಬೆಂಗಳೂರಿಗೆ ಅಡ್ಮಿಟ್ ಮಾಡ್ಲಿಕ್ಕಾ?" ಅಂತ ಮೆಲ್ಲಗೆ ವಿಚಾರಿಸಿದರು. ಹನ್ನೊಂದು ಗಂಟೆಗೆ ಪ್ಲಗ್ಗಿನ ಕರೆಂಟು ಹೋಯಿತು. ಬೆಂಕಿ ಅನಾಹುತದ ಭಯಕ್ಕೆ ರಾತ್ರಿ 11ರಿಂದ ಬೆಳಗಿನ 5ರವರೆಗೆ ಚಾರ್ಜಿಂಗ್ ಪಾಯಿಂಟ್ ಬಂದ್ ಮಾಡುವುದು ರೈಲ್ವೆಯ ನಿಯಮ. ರೈಲು ಬೆಂಗಳೂರು ಮುಟ್ಟುವವರೆಗೆ ನನ್ನ ಹಳೆಯ ಗೊರಕೆ ಇಡೀ ಬೋಗಿಗೆ ಕೇಳಿರಬೇಕು, ಇಳಿಯುವಾಗ ಯಾರೂ ಮುಖ ಕೊಟ್ಟು ಮಾತಾಡಲಿಲ್ಲ. ಈಗ ಪ್ರಯಾಣಕ್ಕೆ ಹಗಲಿನ ರೈಲೇ.

ಮದುವೆ ಮನೆಯಲ್ಲಿ ಮಾತ್ರ ತಪ್ಪಿಸಿಕೊಳ್ಳಲಾಗುವುದಿಲ್ಲ. ಮಹಡಿಯ ಮೇಲೆ ಸಾಲಾಗಿ ಹಾಸಿಗೆ, ಇರುವ ಒಂದೇ ಎಕ್ಸ್‌ಟೆನ್ಶನ್ ಬಾಕ್ಸಿಗೆ ಹತ್ತು ಮೊಬೈಲು. ನಡುರಾತ್ರಿ ಯಾರೋ ನನ್ನ ಪ್ಲಗ್ ಕಿತ್ತು ತಮ್ಮ ಫೋನ್ ಹಾಕಿದ್ದರು. ಮಕ್ಕಳು ಸುತ್ತ ಕೂತು, "ದೊಡ್ಡಮ್ಮ, ನಿಂಗೆ ಸೊಂಡಿಲು ಬಂತಾ?" ಅಂತ ಕೇಳಿ ಸರದಿಯಂತೆ ಟ್ಯೂಬು ಮುಟ್ಟಿ ನೋಡಿದರು. ದೊಡ್ಡವರು ನೋಡದ ಹಾಗೆ ನಟಿಸಿದರು. ನಾನು ಮುಸುಕು ಹಾಕಿಕೊಳ್ಳಲಿಲ್ಲ; ದಿನಾ ಮಾಡುವುದನ್ನು ಅಲ್ಲಿ ಬಚ್ಚಿಡುವುದು ಯಾಕೆ?

ಬೆಳಿಗ್ಗೆ ಹಂಡೆಯ ಹತ್ತಿರ ನಮ್ಮ ಚಿಕ್ಕಮ್ಮನ ಮಗಳು ಬಂದು ನಿಂತಳು. ನನಗಿಂತ ನಾಲ್ಕು ವರ್ಷಕ್ಕೆ ಸಣ್ಣವಳು, ಬಿಪಿ ಮಾತ್ರೆ ಎರಡು ತೆಗೆದುಕೊಂಡರೂ ಇಳಿಯುತ್ತಿಲ್ಲ. ಆಚೀಚೆ ನೋಡಿ ಹೇಳಿದಳು: "ಅಕ್ಕಾ, ನಂಗೂ ರಾತ್ರಿ ಉಸಿರು ಕಟ್ಟಿದ ಹಾಗೆ ಆಗಿ ಎಚ್ಚರ ಆಗ್ತದೆ. ಯಾರಿಗೂ ಹೇಳಲಿಲ್ಲ. ನಿನ್ನ ಮೆಷಿನ್ ಒಂದು ವಾರ ಕೊಡ್ತೀಯಾ, ನೋಡಿ ವಾಪಸ್ ಕೊಡ್ತೇನೆ."

ಕೊಡಲಿಲ್ಲ. ಮಾಸ್ಕು ಕನ್ನಡಕಕ್ಕಿಂತಲೂ ಸ್ವಂತದ್ದು, ಒತ್ತಡ ನನ್ನ ಗಂಟಲಿಗೆ ಹೊಂದಿಸಿದ್ದು, ಅವಳಿಗೆ ಇರುವುದು ಇದೇ ಕಾಯಿಲೆಯೋ ಅಲ್ಲವೋ ಪರೀಕ್ಷೆ ಮಾಡದೆ ಹೇಳುವ ಹಾಗಿಲ್ಲ. ಇಳಿಯದ ಬಿಪಿಗೂ ಇದಕ್ಕೂ ನಂಟಿರುತ್ತದೆ ಅಂತ ನಮ್ಮ ಡಾಕ್ಟರು ಹೇಳಿದ್ದನ್ನು ಹೇಳಿದೆ, ಪರೀಕ್ಷೆಯ ಹುಡುಗನ ನಂಬರು ಕೊಟ್ಟೆ. ಅವಳ ಮನೆಯವರು ಅಡಿಕೆ ಕೊಯ್ಲು ಮುಗಿಯಲಿ ಅಂದಿದ್ದಾರಂತೆ. ಕೊಯ್ಲು ಮುಗಿದು ಅಡಿಕೆ ಮಂಡಿಗೂ ಹೋಯಿತು. ಭಾನುವಾರ ಭಾನುವಾರ ನಾನು ಫೋನ್ ಮಾಡಿ ಕೇಳುತ್ತಿದ್ದೇನೆ. ಹೋದ ವಾರ ಅವಳ ಗಂಡನೇ ಫೋನ್ ಎತ್ತಿಕೊಂಡು, "ಅತ್ತಿಗೆ, ಆ ಪಟ್ಟಿ ಎದೆಗೆ ಕಟ್ಟುದು ಮನೆಯಲ್ಲೇ ಆಗ್ತದಾ, ಶಿವಮೊಗ್ಗಕ್ಕೆ ಹೋಗ್ಬೇಕಾ?" ಅಂತ ಕೇಳಿದರು. ಮನೆಗೇ ಬಂದು ಕಟ್ಟುತ್ತಾರೆ ಅಂದೆ.